ದಪ್ಪಗಾದ ಗೆರೆ

ಓರಗೆಯವರೆಲ್ಲ ಸೈಟು ಅಳೆಸುತ್ತಿದ್ದ ವಯಸ್ಸಿನಲ್ಲಿ ನಾನು ಬೆಳಕಿನ ಗೆರೆಯೊಂದರ ದಪ್ಪ ಅಳೆಯುತ್ತ ಕೂತಿದ್ದೆ. "ಅದೇನು ಸಂಶೋಧನೆಯೋ ನಿಂದು?" ಎಂದು ಅಮ್ಮ ಕೇಳಿದರೆ ಹೇಳಲು ತೋಚುತ್ತಿರಲಿಲ್ಲ.

ಕೆಲಸ ಇಷ್ಟೆ. ಅಲ್ಯೂಮಿನಿಯಂ ತುಂಡಿನ ಮೇಲೆ ಲೇಸರ್ ಬೆಳಕನ್ನು ಮಸೂರದಿಂದ ಒಂದೆಡೆ ಕೂಡಿಸಿ ಹೊಡೆಯಬೇಕು. ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲಿನ ಆ ಹೊಡೆತಕ್ಕೆ 'ಚಟ್' ಎಂದು ಲೋಹ ಆವಿಯಾಗಿ, ಹತ್ತು ಸಾವಿರ ಡಿಗ್ರಿ ಮೀರಿದ ಪ್ಲಾಸ್ಮಾ ಹುಟ್ಟುತ್ತದೆ. ಆ ಕಿಡಿಯ ರೋಹಿತದಲ್ಲಿ, ಗಾಳಿಯ ತೇವದಿಂದ ಬಂದ ಜಲಜನಕದ ಕೆಂಪು ಗೆರೆ 656.3 ನ್ಯಾನೊಮೀಟರಿನಲ್ಲಿ ಕಾಣುತ್ತದೆ. ವಿದ್ಯುತ್ ಕ್ಷೇತ್ರದಲ್ಲಿ ಜಲಜನಕದ ಗೆರೆಗಳು ಸೀಳುವುದನ್ನು 1913ರಲ್ಲಿ ಕಂಡವರು ಜರ್ಮನಿಯ ಯೊಹಾನೆಸ್ ಸ್ಟಾರ್ಕ್. ಪ್ಲಾಸ್ಮಾದಲ್ಲಿ ಸುತ್ತಲಿನ ಎಲೆಕ್ಟ್ರಾನು, ಅಯಾನುಗಳು ಪರಮಾಣುವನ್ನು ಹಾಗೆಯೇ ಕಾಡುತ್ತವೆ. ಕಾಟ ಹೆಚ್ಚಿದಷ್ಟೂ ಗೆರೆ ಅಗಲ. ಅಗಲ ಅಳೆದರೆ, ಕೈ ಹಾಕಲಾಗದ ಕಿಡಿಯೊಳಗೆ ಎಲೆಕ್ಟ್ರಾನುಗಳು ಎಷ್ಟು ದಟ್ಟವಾಗಿವೆಯೆಂದು ದೂರದಿಂದಲೇ ಹೇಳಬಹುದು.

ಕಿಡಿ ಆರುತ್ತ ಹೋದಂತೆ ಗೆರೆ ಸಣ್ಣಗಾಗಬೇಕು. ನನ್ನದು ಮೂರು ಮೈಕ್ರೊಸೆಕೆಂಡು ಕಳೆದ ಮೇಲೆ 0.4 ನ್ಯಾನೊಮೀಟರಿಗೆ ಬಂದು ಹಟ ಹಿಡಿದು ನಿಂತಿತು. ಎಲೆಕ್ಟ್ರಾನುಗಳು ಚದುರುತ್ತಿಲ್ಲ, ಹೊಸದೇನೋ ಸಿಕ್ಕಿತು ಎಂದು ನಾನು ಹಿಗ್ಗಿದೆ. ವಿಚಾರ ಸಂಕಿರಣಕ್ಕೆ ಸಾರಾಂಶ ಕಳಿಸಿದೆ. ಊರಿಗೂ ಕಾಗದ ಬರೆದೆ.

ಮೇಷ್ಟ್ರು ನನ್ನ ಗ್ರಾಫ್ ನೋಡಿ ಒಂದೇ ಮಾತು ಕೇಳಿದರು: "ಪಾದರಸದ ದೀಪ ಇಟ್ಟು ನೋಡಿದ್ಯೇನಯ್ಯಾ?"

ನೋಡಿರಲಿಲ್ಲ. ಕಡಿಮೆ ಒತ್ತಡದ ಪಾದರಸ ದೀಪದ ಹಸಿರು ಗೆರೆ ತಾನಾಗಿ ಬಲು ಸಣ್ಣದು. ಅದು ದಪ್ಪಗೆ ಕಂಡರೆ ಆ ದಪ್ಪ ಉಪಕರಣದ್ದೇ. ಆ ರಾತ್ರಿ ಇಟ್ಟು ನೋಡಿದೆ. 0.4! ಆರುವ ಕಿಡಿಯ ಬೆಳಕು ಸಾಲದೆಂದು ಉಪಕರಣದ ಬೆಳಕಿಂಡಿಯನ್ನು ಅಗಲಿಸಿದವನು ನಾನೇ, ಮರೆತವನೂ ನಾನೇ. ಇಷ್ಟು ದಿನ ಕೊನೆಕೊನೆಗೆ ಅಳೆದದ್ದು ಪ್ಲಾಸ್ಮಾವನ್ನಲ್ಲ, ನಾನೇ ತೆರೆದ ಕಿಂಡಿಯನ್ನು.

ಸಾರಾಂಶ ಹಿಂದಕ್ಕೆ ಪಡೆಯುವ ಪತ್ರಕ್ಕೆ ಮೇಷ್ಟ್ರೂ ಸಹಿ ಹಾಕಿದರು. ಬೈಯಲಿಲ್ಲ, ಕಾಫಿ ಕುಡಿಸಿದರು. ಬೈದಿದ್ದರೇ ಚೆನ್ನಾಗಿತ್ತು. ಕಿಂಡಿ ಕಿರಿದು ಮಾಡಿ ಮತ್ತೆ ಅಳೆದಾಗ ಗೆರೆ ವಿಧೇಯನಾಗಿ ಸಣ್ಣಗಾಗುತ್ತ ಹೋಯಿತು.

ಊರಿನ ಕಾಗದವನ್ನು ಮಾತ್ರ ಹಿಂದಕ್ಕೆ ಪಡೆಯಲಾಗಲಿಲ್ಲ. ಅಪ್ಪ ಅದನ್ನು ಕಿರಾಣಿ ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದ್ದರಂತೆ. ರಜೆಗೆ ಹೋದಾಗ ನಾಚಿಕೆ ಬಿಟ್ಟು ನಿಜ ಹೇಳಿದೆ. ಎಲ್ಲ ಕೇಳಿ ಅಪ್ಪ ತಕ್ಕಡಿಯ ಕಡೆ ಕೈ ತೋರಿಸಿದರು.

"ದಿನಾ ಬಾಗಿಲು ತೆಗೆದ ತಕ್ಷಣ ಖಾಲಿ ತಕ್ಕಡಿ ಎತ್ತಿ ನೋಡ್ತೀನಲ್ಲೋ ನಾನು, ನೀನು ನೋಡಿಲ್ವಾ?"