ಕಾರ್ಲ್ ಯೋಹಾನ್ ಬೀದಿಯ ಗುಪ್ತ ಕಣ್ಣು

ನಾರ್ವೆಯ ರಾಜಧಾನಿ ಆಸ್ಲೋ ನಗರದ ರೈಲು ನಿಲ್ದಾಣದಿಂದ ಹೊರಬಂದ ಪ್ರವಾಸಿಗೆ ಮೊದಲು ಎದುರಾಗುವುದೇ ಕಾರ್ಲ್ ಯೋಹಾನ್ ಬೀದಿ. ಪಾರ್ಲಿಮೆಂಟ್ ಭವನ, ಹಳೆಯ ವಿಶ್ವವಿದ್ಯಾನಿಲಯ, ರಾಷ್ಟ್ರೀಯ ನಾಟಕಶಾಲೆ ಇವುಗಳನ್ನು ಹಾದು ಅದು ದಿಬ್ಬದ ಮೇಲಿನ ಅರಮನೆಯವರೆಗೆ ಸಾಗುತ್ತದೆ. ಜೂನ್ ತಿಂಗಳಿನಲ್ಲಿ ರಾತ್ರಿ ಹತ್ತು ಗಂಟೆಯಾದರೂ ಇಲ್ಲಿ ಬೆಳಕು ಆರುವುದಿಲ್ಲ. ವಿಹಾರಕ್ಕೆ ಬಂದವರ ಸಾಲೂ ಕರಗುವುದಿಲ್ಲ.

ಈ ವಿಹಾರದ ರೂಢಿ ಹಳೆಯದು. ನಗರವಿನ್ನೂ ಕ್ರಿಸ್ಟಿಯಾನಿಯಾ ಎನಿಸಿಕೊಂಡಿದ್ದ 1890ರ ದಶಕದಲ್ಲಿ ಊರಿನ ಗಣ್ಯರೆಲ್ಲ ಇಲ್ಲಿ ಅಡ್ಡಾಡುತ್ತಿದ್ದರು. 1891ರಲ್ಲಿ ತಾಯ್ನಾಡಿಗೆ ಮರಳಿದ ನಾಟಕಕಾರ ಇಬ್ಸನ್ ಈ ಬೀದಿಯ ಗ್ರಾಂಡ್ ಕೆಫೆಗೆ ದಿನವೂ ನಡೆದುಬರುತ್ತಿದ್ದರು.

ಆ ಜನಸಂದಣಿಯಲ್ಲಿ ಕಾರ್ಲ್ ಸ್ಟಾರ್ಮರ್ ಎಂಬ ತರುಣ ವಿದ್ಯಾರ್ಥಿಯೂ ಇದ್ದನು. ಅವನ ವೇಸ್ಟ್‌ಕೋಟಿನ ಒಳಗೆ ತಟ್ಟೆಯಂತೆ ಚಪ್ಪಟೆಯಾದ ಕ್ಯಾಮೆರಾ ತೂಗುತ್ತಿತ್ತು. ಗುಂಡಿಯ ಕಾಜದಿಂದ ಅದರ ಮಸೂರ ಮಾತ್ರ ಇಣುಕುತ್ತಿತ್ತು. ಜೇಬಿನೊಳಗಿನ ದಾರವನ್ನೆಳೆದರೆ ಚಿತ್ರ ಸಿದ್ಧ. ಪರಿಚಿತರು ಎದುರಾದಾಗ ಅವನು ವಂದಿಸುವನು. ಅವರು ಟೋಪಿಯೆತ್ತಿ ನಸುನಗುವರು. ಅದೇ ಕ್ಷಣದಲ್ಲಿ ದಾರ ಎಳೆಯಲ್ಪಡುವುದು! ಆರು ಚಿತ್ರಗಳಾದೊಡನೆ ಗಾಜಿನ ಫಲಕವನ್ನು ಬದಲಿಸಲು ಅವನು ಮನೆಗೆ ಹೋಗಬೇಕಾಗಿತ್ತು. ಹೀಗೆ 1893ರಿಂದ 1897ರವರೆಗೆ ಸುಮಾರು 500 ಚಿತ್ರಗಳು ಕೂಡಿದವು. ಇಬ್ಸನ್ ಸಹ ಆ ಮಸೂರದಿಂದ ತಪ್ಪಿಸಿಕೊಳ್ಳಲಿಲ್ಲ.

ಆ ತರುಣನು ಮುಂದೆ ಗಣಿತದ ಪ್ರಾಧ್ಯಾಪಕನಾಗಿ, ಉತ್ತರದ ಆಕಾಶದಲ್ಲಿ ಮೂಡುವ ಧ್ರುವಪ್ರಭೆಯ ಎತ್ತರವನ್ನು ಛಾಯಾಚಿತ್ರಗಳಿಂದ ಅಳೆದು ಲೋಕವಿಖ್ಯಾತನಾದನು. ಬೀದಿಯ ಚಿತ್ರಗಳು ಬೆಳಕು ಕಂಡದ್ದು 1940ರ ದಶಕದಲ್ಲಿ. ಸ್ಟುಡಿಯೋಗಳಲ್ಲಿ ಉಸಿರು ಬಿಗಿಹಿಡಿದು ಕುಳಿತವರ ಚಿತ್ರಗಳ ಕಾಲದಲ್ಲಿ ಈ ನಗುಮುಖಗಳು ಅಪೂರ್ವವೇ ಸರಿ. ಆದರೆ ಆ ನಗು ಸಲ್ಲಬೇಕಾದದ್ದು ಎದುರಿಗೆ ಬಂದ ಮಿತ್ರನಿಗೆ; ಅವನ ಗುಂಡಿಗಲ್ಲ.

ಇದನ್ನು ನಾರ್ವೆ ಬೇಗನೆ ಮನಗಂಡಿತು. 1909ರ ಛಾಯಾಚಿತ್ರ ಕಾನೂನು ಪ್ರತಿಯೊಬ್ಬನಿಗೂ ತನ್ನ ಚಿತ್ರದ ಮೇಲೆ ಹಕ್ಕನ್ನು ನೀಡಿತು. ಸುದ್ದಿಯ ಮಹತ್ವವುಳ್ಳ ಚಿತ್ರ, ಮೆರವಣಿಗೆಯ ಚಿತ್ರ ಮೊದಲಾದ ಕೆಲವನ್ನು ಬಿಟ್ಟರೆ, ಒಪ್ಪಿಗೆಯಿಲ್ಲದೆ ಒಬ್ಬರ ಚಿತ್ರವನ್ನು ಪ್ರಕಟಿಸಲಾಗದೆಂಬ ನಿಯಮ 2018ರ ಕಾನೂನಿನಲ್ಲೂ ಉಳಿದಿದೆ. ಆದರೆ ಅದು ತಡೆಯುವುದು ಪ್ರಕಟಣೆಯನ್ನು. ಬೀದಿಯಲ್ಲಿ ದಾರ ಎಳೆಯುವ ಕೈಯನ್ನಲ್ಲ.

ಈಗಲಾದರೋ ಕಾಜದ ಕಣ್ಣು ಕನ್ನಡಕದ ಚೌಕಟ್ಟಿಗೇರಿದೆ. ಆರು ಚಿತ್ರಗಳ ಮಿತಿಯಿಲ್ಲ, ಮನೆಗೆ ಮರಳುವ ಶ್ರಮವಿಲ್ಲ. ಚಿತ್ರ ತೆಗೆಯುವಾಗ ಚೌಕಟ್ಟಿನಲ್ಲೊಂದು ಪುಟ್ಟ ದೀಪ ಬೆಳಗುವುದುಂಟು. ಹಗಲಿನ ಬೆಳಕಿನಲ್ಲಿ ಎಷ್ಟು ಜನ ಅದನ್ನು ಗಮನಿಸಿಯಾರು?

ನಾಟಕಶಾಲೆಯ ಮುಂದೆ ಇಬ್ಸನ್ನರ ಪ್ರತಿಮೆ ನಿಂತಿದೆ. ಅದರ ಎದುರು ಪ್ರವಾಸಿಗರು ಕ್ಯಾಮೆರಾ ಎತ್ತಿದಾಗ, ಬೇಡವೆನಿಸಿದ ದಾರಿಹೋಕರು ಮೆಲ್ಲನೆ ಮುಖ ತಿರುಗಿಸಿ ಮುಂದೆ ಸಾಗುತ್ತಾರೆ. ಯಾರಿಗೂ ಬೇಸರವಿಲ್ಲ. ಕೈಯಲ್ಲಿ ಹಿಡಿದ ಕ್ಯಾಮೆರಾ ಎದುರಿನವರಿಗೆ ಅಷ್ಟು ಅವಕಾಶವನ್ನಾದರೂ ಕೊಡುತ್ತದೆ.