ಅಬ್ಬಲಿಗೆಯ ಬೆಲೆ

ಅಬ್ಬಲಿಗೆಗೆ ವಾಸನೆಯಿಲ್ಲ. ಹೂವೆಂದ ಮೇಲೆ ಘಮ್ಮೆನ್ನಬೇಕು ಎನ್ನುವವರು ಇದನ್ನು ಹಿಂದಿನ ಸಾಲಿಗೆ ತಳ್ಳಿಬಿಡುತ್ತಾರೆ. ನಮ್ಮ ಗುತ್ತಲದಿಂದ ತುಂಗಭದ್ರೆ ದಾಟಿದರೆ ಹೂವಿನಹಡಗಲಿ ಸೀಮೆ. ಅಲ್ಲಿಯ ಮಲ್ಲಿಗೆಗೆ ಜಿಐ ಮಾನ್ಯತೆಯೇ ಇದೆ. ಆ ಮಲ್ಲಿಗೆಯ ಮೇಲೆ ನನಗೂ ಪ್ರೀತಿಯೇ. ಆದರೆ ನಡುನಡುವೆ ಅಬ್ಬಲಿಗೆಯ ಕೇಸರಿ ಬಾರದ ಮಾಲೆ ನನ್ನ ಕಣ್ಣಿಗೆ ಬೋಳು. ಬುಟ್ಟಿ ಇಟ್ಟುಕೊಂಡು ಕೂತವಳ ಮಾತೂ ಅದೇ: “ಯಕ್ಕಾ, ಮಲ್ಲಿಗಿ ಸಂಜಿಗೆ ಬಾಡತೈತಿ. ಅಬ್ಬಲಿಗಿ ತಗೋರಿ, ನಾಳಿನೂ ಹಿಂಗ ಇರತೈತಿ.”

ಬೆಂಗಳೂರು ಕಡೆಯವರು ಕನಕಾಂಬರ ಎನ್ನುವ ಈ ಗಿಡ ಹೊರಗಿನಿಂದ ಬಂದದ್ದಲ್ಲ. ದಕ್ಷಿಣ ಭಾರತ, ಶ್ರೀಲಂಕಾಗಳೇ ಇದರ ತವರು. ಕೆಮ್ಮಿಗೆ ಕಷಾಯ ಮಾಡುವ ಆಡುಸೋಗೆಯ ಕುಟುಂಬಕ್ಕೆ ಸೇರಿದ್ದು. ಯುರೋಪಿನಲ್ಲಿ ಇದನ್ನು ಕುಂಡದಲ್ಲಿಟ್ಟು ಮನೆಯೊಳಗೆ ಸಾಕುತ್ತಾರೆ. ಮುಡಿಯುವುದು ಮಾತ್ರ ನಮ್ಮವರೇ.

ಗಿಡದ ಹತ್ತಿರ ಒಮ್ಮೆ ಕುಕ್ಕರುಗಾಲಲ್ಲಿ ಕೂತು ನೋಡಬೇಕು. ಎತ್ತರ ಮೂರಡಿ ಮೀರುವುದಿಲ್ಲ. ಕಡುಹಸಿರು ಎಲೆಗಳ ನಡುವಿನಿಂದ ಉದ್ದನೆಯ ತೆನೆ ಏಳುತ್ತದೆ. ಅದರ ಹಸಿರು ಪದರಗಳ ಸಂದಿಯಿಂದ ಹೂ ಬಿಡುತ್ತದೆ, ಬುಡದಿಂದ ತುದಿಯ ಕಡೆಗೆ, ವಾರಗಟ್ಟಲೆ. ದಾರದಷ್ಟು ಸಣ್ಣ ಕೊಳವೆ, ಅದರ ತುದಿಗೆ ಬೀಸಣಿಗೆಯ ಹಾಗೆ ಒಂದೇ ಪಕ್ಕಕ್ಕೆ ಬಿಚ್ಚಿಕೊಂಡ ಎಸಳು. ಪೂರ್ತಿ ಅರಳಲು ಎರಡು ದಿನ ಹಿಡಿಯುವುದರಿಂದ ದಿನ ಬಿಟ್ಟು ದಿನ ಬೆಳಗಿನ ಹೊತ್ತು ಬಿಡಿಸುತ್ತಾರೆ. ತೆನೆ ಮುರಿಯದಂತೆ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಬೇಕು.

ಒಣಗಿದ ತೆನೆಯದು ಬೇರೆ ಸೊಗಸು. ಬೀಜದ ಕಾಯಿಗೆ ಮಳೆಹನಿ ತಾಗಿದರೆ ಪಟ್ಟನೆ ಸಿಡಿದು ಬೀಜ ದೂರ ಹಾರುತ್ತದೆ. ಮಕ್ಕಳು ಕಾಯಿ ನೀರಲ್ಲಿ ಹಾಕಿ ಕಾಯುತ್ತಾ ಕೂರುತ್ತಾರೆ. ಗಾಢ ಬಣ್ಣದ ‘ಡೆಲ್ಲಿ’ ತಳಿಗೆ ಈ ಆಟವಿಲ್ಲ. ಅದು ಬೀಜ ಕಟ್ಟುವುದಿಲ್ಲ, ಕಡ್ಡಿ ಊರಿಯೇ ಬೆಳೆಸಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕ ಅಂಬರ, ಅರ್ಕ ಕನಕ ಎಂಬ ತಳಿಗಳನ್ನೂ ಕೊಟ್ಟಿದೆ.

ನಮ್ಮ ಎರೆಹೊಲ ಹತ್ತಿಗೆ ಸರಿ, ಅಬ್ಬಲಿಗೆಗೆ ಅಲ್ಲ. ನೀರು ನಿಂತರೆ ಬೇರು ಕೊಳೆತು ಗಿಡ ಸೊರಗುತ್ತದೆ. ನೀರು ಬಸಿಯುವ ಕೆಂಪು ಮಸಾರಿ ನೆಲ, ಕೊಟ್ಟಿಗೆ ಗೊಬ್ಬರ, ತುಸು ನೆರಳು ಇದ್ದರೆ ಸಾಕು. ನಾಟಿ ಮಾಡಿದ ಎರಡು ಮೂರು ತಿಂಗಳಿಗೇ ಹೂ ಶುರು; ಒಮ್ಮೆ ಹಚ್ಚಿದರೆ ಎರಡು ಮೂರು ವರ್ಷ ನಡೆಯುತ್ತದೆ. ಇದರ ದೊಡ್ಡ ಶತ್ರು ಬೇರಿಗೆ ಬೀಳುವ ಜಂತುಹುಳು. ಬೇವಿನ ಹಿಂಡಿ ಹಾಕಿ, ಸಾಲಿನ ನಡುವೆ ಚೆಂಡುಹೂ ಹಚ್ಚಿದರೆ ಅದರ ಕಾಟ ತಗ್ಗುತ್ತದೆ.

ಬ್ಯಾಡಗಿ ಮೆಣಸಿನಕಾಯಿಯ ದುಡ್ಡು ಸುಗ್ಗಿಗೊಮ್ಮೆ ಬರುತ್ತದೆ. ಬಂದದ್ದು ಸಾಲಕ್ಕೆ, ಗೊಬ್ಬರದಂಗಡಿಗೆ ಹೋಗುತ್ತದೆ. ಅಬ್ಬಲಿಗೆಯ ದುಡ್ಡು ಚಿಕ್ಕದು, ಆದರೆ ದಿನ ಬಿಟ್ಟು ದಿನ ಬರುವಂಥದು, ಬಹಳ ಸಲ ಮನೆಯ ಹೆಣ್ಣುಮಕ್ಕಳ ಕೈಗೇ ಬರುವಂಥದು. ಪಾಟಿಚೀಲ, ಗುಳಿಗೆ, ಬಸ್ಸಿನ ಚಾರ್ಜು ಅದರಲ್ಲೇ ಕಳೆಯುತ್ತದೆ. ಇದೇ ಕಾರಣಕ್ಕೆ ಈ ಹೂವಿಗೆ ನಾನು ಮೊದಲ ಸಾಲಿನಲ್ಲಿ ಜಾಗ ಕೊಡುತ್ತೇನೆ.

ಆ ಚಿಕ್ಕ ದುಡ್ಡಿನ ಹಿಂದೆ ಎಷ್ಟು ಬೆರಳು ಸವೆದಿವೆ ಎಂಬುದನ್ನೂ ಹೇಳಬೇಕು. ಅಬ್ಬಲಿಗೆ ಒಂದು ಕಿಲೋ ತೂಗಬೇಕಾದರೆ ಸುಮಾರು 15,000 ಹೂ ಬೇಕು. ಅಷ್ಟನ್ನೂ ಒಂದೊಂದಾಗಿ ಬಿಡಿಸಬೇಕು, ಆಮೇಲೆ ಕೊಳವೆ ಮುರಿಯದಂತೆ ಎದುರುಬದುರು ಜೋಡಿಸಿ ದಾರದಲ್ಲಿ ಬಿಗಿಯಬೇಕು. ನಮ್ಮ ಹಾವೇರಿ ಏಲಕ್ಕಿ ಮಾಲೆಗೆ ಹೆಸರುವಾಸಿ. ಗಣ್ಯರ ಕೊರಳಿಗೆ ಅದನ್ನು ಹಾಕಿ ಕಟ್ಟಿದವರ ಕುಶಲತೆ ಕೊಂಡಾಡುತ್ತೇವೆ. ಅಬ್ಬಲಿಗೆ ಕಟ್ಟುವವಳದೂ ಅಷ್ಟೇ ನುರಿತ ಕೈ. ಅವಳಿಗೆ ಶಾಲಿಲ್ಲ, ಸನ್ಮಾನವಿಲ್ಲ. ಮೊಳಕ್ಕೆ ಐದು ರೂಪಾಯಿ ಇಳಿಸು ಎನ್ನುವ ಗಿರಾಕಿಗಳಿದ್ದಾರೆ.

ಹಿತ್ತಲಿದ್ದವರು ಈ ಮುಂಗಾರಿಗೆ ನಾಲ್ಕು ಗಿಡ ಹಚ್ಚಿರಿ. ಇಲ್ಲದವರು ಕೊಂಡು ಮುಡಿಯಿರಿ. ಕೊಳ್ಳುವಾಗ ದಯವಿಟ್ಟು ಚೌಕಾಸಿ ಮಾಡಬೇಡಿ.