ನನ್ನ ಮಷೀನ್‌ದಾಗ ಬರಾಬರಿ ಐತ್ರಿ

1962ರಲ್ಲೇ ಹುಬ್ಬಳ್ಳಿ, ಧಾರವಾಡ ಎರಡಕ್ಕೂ ಸೇರಿ ಒಂದೇ ಮಹಾನಗರ ಪಾಲಿಕೆ ಆಯಿತು. ಆದರೂ ನಡುವಿನ ರಾಯಾಪುರ ಬಹಳ ವರ್ಷ ಎರಡೂ ಊರಿನವರಿಗೆ ಬಸ್ಸಿನ ಕಿಟಕಿಯಲ್ಲಿ ಕಂಡು ಹಿಂದೆ ಸರಿಯುವ ಜಾಗವಾಗಿಯೇ ಉಳಿದಿತ್ತು. ತೊಂಬತ್ತರ ದಶಕದ ಕೊನೆಗೆ ನಾವು ಗೆಳೆಯರು ಸೇರಿ ಅಲ್ಲಿ ಎರಡು ಖೋಲಿ ಹಿಡಿದದ್ದು ಬಾಡಿಗೆ ಅಗ್ಗ ಅನ್ನುವ ಒಂದೇ ಕಾರಣಕ್ಕೆ. ಹುಬ್ಬಳ್ಳಿಯ ಗಿರಾಕಿ ‘ಅಷ್ಟು ದೂರ ಧಾರವಾಡದಾಗ ಯಾಕ ಕುಂತೀರಿ?’ ಅನ್ನುತ್ತಿದ್ದ. ಧಾರವಾಡದವನು ‘ಹುಬ್ಬಳ್ಳಿ ಮಂದಿ ನೀವು, ಟೈಮಿಗೆ ಬರಾಂಗಿಲ್ಲ’ ಅನ್ನುತ್ತಿದ್ದ. ಹಳೆ ಪಿ.ಬಿ. ರೋಡಿನ ಎರಡೂ ಮಗ್ಗುಲಿಗೆ ಮರ, ಹುಬ್ಬಳ್ಳಿ ಕಡೆಗೆ ನವನಗರ, ಧಾರವಾಡ ಕಡೆಗೆ ಸತ್ತೂರು, ಅದರಾಚೆ ನವಲೂರಿನ ಪೇರಲ ತೋಟ. ಬೋರ್ಡಿನ ಮೇಲೆ ‘ಸಾಫ್ಟ್‌ವೇರ್’ ಎಂದು ದೊಡ್ಡದಾಗಿ ಬರೆಸಿದ್ದೆವು. ಅದನ್ನು ಓದಿ ಒಳಗೆ ಬಂದವರು ಕೇಳುತ್ತಿದ್ದದ್ದು ಪ್ರಿಂಟರಿನ ರಿಬ್ಬನ್.

ನಾವು ಬರೆದುಕೊಡುತ್ತಿದ್ದದ್ದು ಫಾಕ್ಸ್‌ಪ್ರೋದಲ್ಲಿ ಲೆಕ್ಕಪತ್ರದ ಪ್ರೋಗ್ರಾಮ್. ಅಡತಿ ಅಂಗಡಿ, ಸೊಸೈಟಿ, ಖಾಸಗಿ ಶಾಲೆ, ಇಂಥವರೇ ಗಿರಾಕಿಗಳು. ಪ್ರೋಗ್ರಾಮ್ ಕೊಟ್ಟ ಮೇಲೆ ಆ ಕಂಪ್ಯೂಟರಿಗೆ ಏನಾದರೂ ನಾವೇ ಹೊಣೆ. ಫ್ಯಾನ್ ಸದ್ದು ಮಾಡಿದರೂ ನಮಗೇ ಫೋನು. ‘ನಿನ್ನೆತನಕ ಚಲೋ ಇತ್ರಿ, ಇವತ್ತು ಚಾಲೂನ ಆಗವಲ್ದು’ ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಸ್ಕೂಟರಿನ ಡಿಕ್ಕಿಯಲ್ಲಿ ಸ್ಕ್ರೂಡ್ರೈವರ್, ಬಣ್ಣ ಬಳಿಯುವ ಬ್ರಷ್, ಒಂದಿಷ್ಟು ಫ್ಲಾಪಿ, ಒಂದು ನಟರಾಜ್ ರಬ್ಬರ್ ಇರುತ್ತಿದ್ದವು. ರಬ್ಬರ್ ಯಾಕೆ ಅಂದರೆ, ನಮ್ಮ ಧೂಳಿಗೆ, ಮಳೆಗಾಲದ ತಂಪಿಗೆ ರ್‍ಯಾಮ್ ಪಟ್ಟಿಯ ಹಳದಿ ಹಲ್ಲುಗಳು ಮಂಕಾಗಿ ಕಂಪ್ಯೂಟರ್ ಕುಂಯ್ ಕುಂಯ್ ಎಂದು ಕೂಗಿ ನಿಂತುಬಿಡುತ್ತಿತ್ತು. ಪಟ್ಟಿ ಕಿತ್ತು, ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ತಿಕ್ಕಿ, ಊದಿ, ಟಕ್ ಎನ್ನುವ ಹಾಗೆ ಒತ್ತಿ ಕೂರಿಸಿದರೆ ಮುಗಿಯಿತು. ಮಾಲಕರು ಬೆರಗಾಗುತ್ತಿದ್ದರು. ವಾರಗಟ್ಟಲೆ ಕೂತು ಬರೆದ ಪ್ರೋಗ್ರಾಮಿಗೆ ಸಿಗದ ಶಾಭಾಸ್‌ಗಿರಿ ರಬ್ಬರಿಗೆ ಸಿಗುತ್ತಿತ್ತು, ಜೊತೆಗೆ ಚಹಾ. ಮೇ ತಿಂಗಳ ಅಡ್ಡಮಳೆಯ ಮರುದಿನವಂತೂ ಕರೆ ಬಂದರೆ ಕಾರಣ ಕೇಳುವ ಹಾಗೇ ಇರಲಿಲ್ಲ: ಟೆಲಿಫೋನ್ ತಂತಿಯಲ್ಲಿ ಇಳಿದ ಸಿಡಿಲು ಮೋಡೆಮ್ ಸುಟ್ಟಿರುತ್ತಿತ್ತು. ಮೂಸಿದರೇ ಗೊತ್ತಾಗುತ್ತಿತ್ತು.

ಆಗಿನ ತಪ್ಪುಗಳು ಕೈಗೆ ಸಿಗುತ್ತಿದ್ದವು, ಅದನ್ನೇ ಹೇಳಬೇಕೆಂದಿದ್ದೇನೆ. ಇಲಿ ಕಡಿದ ವೈರು, ಸಡಿಲಾದ ಪಿನ್ನು, ಉಬ್ಬಿದ ಕೆಪ್ಯಾಸಿಟರ್. ವೈಟುಕೆ ಕೂಡ ಹಾಗೇ. ಜಗತ್ತೆಲ್ಲ 2000ದ ಜನವರಿ 1ಕ್ಕೆ ಏನಾಗುವುದೋ ಎಂದು ಗಾಬರಿಯಲ್ಲಿದ್ದಾಗ ನಮ್ಮ ಕೆಲಸ ಇಷ್ಟೇ ಇತ್ತು: ಇಸವಿಗೆ ಎರಡೇ ಅಂಕಿ ಇಟ್ಟ ಕಡೆಯೆಲ್ಲ ಹುಡುಕಿ ನಾಲ್ಕು ಮಾಡುವುದು. ಬಡ್ಡಿ ಲೆಕ್ಕ ನೂರು ವರ್ಷ ಹಿಂದಕ್ಕೆ ಓಡದಂತೆ ನೋಡಿಕೊಂಡೆವು, ಹಣ ಎಣಿಸಿಕೊಂಡೆವು.

ಕನ್ನಡ ಮಾತ್ರ ಕಾಡಿತು. ಬರಹ, ನುಡಿ ಎಂಬ ಕನ್ನಡ ತಂತ್ರಾಂಶಗಳು ಬಂದ ಮೇಲೆ ಗಿರಾಕಿಗಳಿಗೆ ಪಾವತಿ, ಪತ್ರ ಎಲ್ಲ ಕನ್ನಡದಲ್ಲೇ ಬೇಕಾಯಿತು, ಬೇಕಾಗಬೇಕಾದದ್ದೇ. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದವು. ಇಲ್ಲಿ ಚಂದ ಕಂಡ ನೋಟೀಸು ಆ ಫಾಂಟ್ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ತಲೆಗೆ ಟೋಪಿ, ಬಾಲಕ್ಕೆ ಚುಕ್ಕೆ ಇದ್ದ ಪರದೇಶಿ ಅಕ್ಷರಗಳ ಸಂತೆ. ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಫಾಂಟ್ ಬಂದು ಯೂನಿಕೋಡ್ ಕಣ್ಣಿಗೆ ಬಿದ್ದರೂ ಹಳೆಯ ಕಡತಗಳನ್ನು ಅದಕ್ಕೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಕಾಲು ಜಾರಿ ಎಲ್ಲೆಲ್ಲೋ ಬೀಳುತ್ತಿದ್ದವು. ಒಂದು ಶಾಲೆಯ ಹಾಜರಿ ಪಟ್ಟಿಯಲ್ಲಿ ಅರ್ಧ ಮಕ್ಕಳ ಹೆಸರು ಕೆಟ್ಟು, ನಮ್ಮ ಹುಡುಗಿಯೊಬ್ಬಳು ರಾತ್ರಿ ಕೂತು ಕೈಯಿಂದಲೇ ತಿದ್ದಿದಳು. ಅಂಥ ಕೆಲಸಕ್ಕೆ ಯಾರೂ ಬಿಲ್ ಕೊಡುವುದಿಲ್ಲ.

ಹುಡುಗ ಹುಡುಗಿಯರನ್ನು ಕೆಲಸಕ್ಕೆ ಇಟ್ಟುಕೊಂಡ ಮೇಲೆ ನನ್ನ ಕೈಯಿಂದ ಸ್ಕ್ರೂಡ್ರೈವರ್ ಹೋಗಿ ಫೋನು ಬಂತು. ವಿದ್ಯಾನಗರದ ಬಿ.ವಿ.ಬಿ., ಧವಳಗಿರಿಯ ಎಸ್‌ಡಿಎಂ ಇಂಜಿನಿಯರಿಂಗ್ ಕಾಲೇಜುಗಳಿಂದ ಬರುತ್ತಿದ್ದ ಮಕ್ಕಳು ನಮಗಿಂತ ಜಾಣರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೋಡ್ ಬರೆಯುವವನಿಗೂ ಮಷೀನು ನೋಡಿಕೊಳ್ಳುವವನಿಗೂ ನಡುವೆ ಹಾವು ಮುಂಗುಸಿಯ ನಂಟು. ಇವನು ‘ಅದು ಹಾರ್ಡ್‌ವೇರ್ ಪ್ರಾಬ್ಲಮ್ಮು’, ಅವನು ‘ಇವರ ಪ್ರೋಗ್ರಾಮಿಂದು’. ಗಿರಾಕಿ ಇಬ್ಬರನ್ನೂ ಬಿಟ್ಟು ನನಗೆ ಬೈಯುತ್ತಿದ್ದ. ಹತ್ತು ಜನರ ಮುಂದಾಳು ಅನ್ನಿಸಿಕೊಂಡವನ ನಿಜವಾದ ಹುದ್ದೆ ಅದು, ಬೈಸಿಕೊಳ್ಳುವುದು.

ಕಲಘಟಗಿ ಕಡೆಯ ಒಂದು ಹಳ್ಳಿಯ ಹಾಲಿನ ಸಂಘಕ್ಕೆ ನಾವು ಪ್ರೋಗ್ರಾಮ್ ಬರೆದುಕೊಟ್ಟಿದ್ದೆವು. ಸಂಘದ ಕೆಲಸ ಗಡಿಯಾರಕ್ಕೆ ಕಟ್ಟುಬಿದ್ದದ್ದು. ಮುಂಜಾನೆ, ಸಂಜೆ ರೈತರು ಕ್ಯಾನು ಹಿಡಿದು ಪಾಳಿ ನಿಲ್ಲುತ್ತಾರೆ. ಹಾಲು ಅಳೆದ ಮೇಲೆ ಒಂದು ಸಣ್ಣ ಕಪ್ಪಿನಷ್ಟು ತೆಗೆದು ಅನಲೈಸರ್ ಕೊಳವೆಗೆ ಹಿಡಿದರೆ ಅದು ಫ್ಯಾಟ್ ಎಷ್ಟು, ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ, ಎಷ್ಟು ಎಂದು ತೋರಿಸುತ್ತದೆ. ಆ ಅಂಕಿ ಸೀರಿಯಲ್ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಬಂದು, ಅದರ ಮೇಲೆ ದರ ಕೂಡಿ, ಚೀಟಿ ಹೊರಬೀಳುತ್ತದೆ. ಫ್ಯಾಟ್ ಒಂದು ಪಾಯಿಂಟ್ ಅತ್ತಿತ್ತ ಆದರೂ ರೈತನ ಕೈಗೆ ಬರುವ ದುಡ್ಡು ಅತ್ತಿತ್ತ. ನಮ್ಮ ಪ್ರೋಗ್ರಾಮ್ ನಡುನಡುವೆ ಸುಮ್ಮನೆ ನಿಂತುಬಿಡುತ್ತಿತ್ತು. ಪಾಳಿಯೂ ನಿಲ್ಲುತ್ತಿತ್ತು. ಕಾರ್ಯದರ್ಶಿಗಳು ಫೋನಿನಲ್ಲಿ ಮಾತನಾಡುವಾಗ ಹಿಂದೆ ರೈತರ ಬೈಗುಳ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಬರೆದ ಹುಡುಗನನ್ನು ಕರೆದು ಕೇಳಿದೆ. ‘ನನ್ನ ಮಷೀನ್‌ದಾಗ ಬರಾಬರಿ ಐತ್ರಿ ಸರ್ರ’ ಅಂದ. ಸುಳ್ಳಲ್ಲ, ನಾನೂ ನೋಡಿದೆ, ಬರಾಬರಿಯೇ ನಡೆಯುತ್ತಿತ್ತು. ಇನ್ನೊಮ್ಮೆ ಎಲ್ಲ ಇನ್‌ಸ್ಟಾಲ್ ಮಾಡಿ ಬಂದ. ಮತ್ತೆ ನಿಂತಿತು. ಕೇಬಲ್ ಬದಲಿಸಿದರು. ಮತ್ತೆ ನಿಂತಿತು. ಕೊನೆಗೆ ಅವನನ್ನೂ ಹಾರ್ಡ್‌ವೇರ್ ಹುಡುಗನನ್ನೂ ಗಾಡಿಯಲ್ಲಿ ಹಾಕಿಕೊಂಡು ಸಂಜೆ ಹಾಲಿನ ಹೊತ್ತಿಗೆ ನಾನೇ ಹೋದೆ. ನಾವು ಕೂತು ನೋಡುತ್ತಿದ್ದಷ್ಟು ಹೊತ್ತು ಅದು ಮಹಾ ಸಂಭಾವಿತನ ಹಾಗೆ ನಡೆಯಿತು. ಇಬ್ಬರೂ ಕಾರಣ ಹುಡುಕುತ್ತ ಪರದೆಗೆ ಮೂಗು ಹಚ್ಚಿದ್ದರು. ಕಾರ್ಯದರ್ಶಿ ಅಜ್ಜ ಹಿಂದಿನಿಂದ ಅಂದರು: ‘ತಡೀರಿ, ಕೂಲರ್ ಚಾಲೂ ಆಗ್ಲಿ. ಅದು ಚಾಲೂ ಆದಾಗನ ನಿಮ್ಮ ಡಬ್ಬಿ ಸಿಟ್ಟ ಮಾಡ್ಕೊಂತೈತಿ.’

ಪಕ್ಕದ ಖೋಲಿಯಲ್ಲಿ ಹಾಲು ತಂಪು ಮಾಡುವ ಕೂಲರಿನ ಕಂಪ್ರೆಸರ್ ಗರ್ ಎಂದು ಎದ್ದಿತು. ತಲೆಯ ಮೇಲಿನ ಟ್ಯೂಬ್‌ಲೈಟ್ ಒಂದು ಕ್ಷಣ ಕಣ್ಣು ಮಿಟುಕಿಸಿತು. ಪರದೆ ಅಲ್ಲೇ ನಿಂತಿತು. ಸಂಜೆ ಹೊತ್ತು ಊರಿನ ದೀಪ, ಟಿವಿ ಎಲ್ಲ ಹಚ್ಚಿ ಮೊದಲೇ ವೋಲ್ಟೇಜ್ ಇಳಿದಿರುತ್ತದೆ. ಅದರ ಮೇಲೆ ಕಂಪ್ರೆಸರ್ ಎಳೆದರೆ ಅನಲೈಸರ್ ಅಂಕಿ ಹೇಳುತ್ತ ಹೇಳುತ್ತ ಅರ್ಧಕ್ಕೆ ತಡವರಿಸುತ್ತದೆ. ಉಳಿದರ್ಧ ಬಂದೀತು ಎಂದು ನಮ್ಮ ಪ್ರೋಗ್ರಾಮ್ ಕಾಯುತ್ತ ಕೂರುತ್ತದೆ. ಕಂಪ್ಯೂಟರಿಗೆ ಯುಪಿಎಸ್ ಇತ್ತು, ಅನಲೈಸರಿಗೆ ಇರಲಿಲ್ಲ. ರಾಯಾಪುರದ ನಮ್ಮ ಖೋಲಿಯಲ್ಲಿ ಕೂಲರೂ ಇಲ್ಲ, ಎಮ್ಮೆಯೂ ಇಲ್ಲ. ಅಲ್ಲಿ ಬರಾಬರಿ ನಡೆಯದೆ ಏನು ಮಾಡೀತು?

ಅನಲೈಸರಿಗೊಂದು ಯುಪಿಎಸ್ ಕೊಟ್ಟೆವು. ಅಂಕಿ ಪೂರ್ತಿ ಬರದಿದ್ದರೆ ಬಿಟ್ಟುಕೊಟ್ಟು ಮತ್ತೊಮ್ಮೆ ಕೇಳುವಂತೆ ಪ್ರೋಗ್ರಾಮಿನಲ್ಲಿ ನಾಲ್ಕಾರು ಸಾಲು ಸೇರಿಸಿದ ಹುಡುಗ. ತಪ್ಪು ಇಬ್ಬರದೂ ಹೌದು, ಇಬ್ಬರದೂ ಅಲ್ಲ. ಅವರಿಬ್ಬರ ಜಗಳ ಅವತ್ತಿಗೆ ನಿಂತಿತು ಅಂತೇನಿಲ್ಲ. ಆದರೆ ಆಮೇಲೆ ಯಾವ ದೂರು ಬಂದರೂ ‘ಎಷ್ಟು ಹೊತ್ತಿಗೆ ಕೆಡತೈತಿ, ಆಗ ಬಾಜೂಕ ಏನ್ ನಡದಿರತೈತಿ’ ಎಂದು ಮೊದಲು ಕೇಳುವುದನ್ನು ನಾನು ಕಡ್ಡಾಯ ಮಾಡಿದೆ.

ಆ ಹುಡುಗ ಆರು ತಿಂಗಳಿಗೆ ಬೆಂಗಳೂರಿಗೆ ಹೋದ. ಎಲ್ಲರೂ ಹೋಗುತ್ತಿದ್ದರು. ಕಲಿಸಿ, ಹಾಲಿನ ಸಂಘ ತೋರಿಸಿ, ಗಿರಾಕಿಯ ಜೊತೆ ಮಾತನಾಡುವುದನ್ನು ರೂಢಿಸಿ ಇನ್ನೇನು ಹೆಗಲು ಹಗುರಾಯಿತು ಅನ್ನುವಾಗ ‘ಸರ್ರ, ಒಂದ್ ಮಾತು ಹೇಳೂದಿತ್ರಿ’ ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಆ ಮುಖ ಕಂಡ ಕೂಡಲೇ ನನಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಕಾಣುತ್ತಿತ್ತು. ಅವರ ತಪ್ಪೇನೂ ಇಲ್ಲ. ಅಲ್ಲಿ ಕೊಡುವ ಪಗಾರ ಇಲ್ಲಿ ಯಾರೂ ಕೊಡುತ್ತಿರಲಿಲ್ಲ. ಹುಬ್ಬಳ್ಳಿಯ ಇಂದಿರಾ ಗಾಜಿನ ಮನೆಯ ಬಳಿ ಐಟಿ ಪಾರ್ಕ್ ಎದ್ದಿತು, 2015ರಲ್ಲಿ ಐಐಐಟಿ, ಮರುವರ್ಷ ಐಐಟಿ ಬಂದವು. ಕಲಿತು ಹೊರಬೀಳುವವರು ಹೆಚ್ಚಾದರು, ಬೆಂಗಳೂರಿನ ರೈಲುಗಳೂ ಹೆಚ್ಚಾದವು. 2023ರ ಜೂನ್‌ನಿಂದ ಧಾರವಾಡದಿಂದಲೇ ವಂದೇ ಭಾರತ್ ಇದೆ.

ರಾಯಾಪುರವೂ ಬೇರೆಯಾಯಿತು. ಇಸ್ಕಾನ್ ಮಂದಿರ, ಅದರ ಮಗ್ಗುಲಲ್ಲೇ ಅಕ್ಷಯಪಾತ್ರದ ದೊಡ್ಡ ಅಡುಗೆಮನೆ. ಬೆಳಗಾದರೆ ಶಾಲೆಗಳಿಗೆ ಊಟ ಒಯ್ಯುವ ಗಾಡಿಗಳ ಸಾಲು. ನಮ್ಮ ವಿಳಾಸ ಹೇಳುವುದು ಸುಲಭವಾಯಿತು. ಬಸ್ಸುಗಳಿಗೇ ಮೀಸಲಾದ ಬಿಆರ್‌ಟಿಎಸ್ ದಾರಿಗಾಗಿ ರಸ್ತೆ ಅಗಲವಾಗುವಾಗ ಮರಗಳು ಹೋದವು, ಧೂಳು ಬಂತು. ಆ ವರ್ಷಗಳಲ್ಲಿ ನಾವು ಕ್ಯಾಬಿನೆಟ್ಟುಗಳಿಂದ ಊದಿ ತೆಗೆದ ಕೆಂಪು ಮಣ್ಣಿನಲ್ಲಿ ಒಂದು ತುಳಸಿ ಕಟ್ಟೆ ತುಂಬಬಹುದಿತ್ತು. 2018ರ ಅಕ್ಟೋಬರಿನಲ್ಲಿ ಆ ದಾರಿಯಲ್ಲಿ ಚಿಗರಿ ಬಸ್ ಓಡತೊಡಗಿದ ಮೇಲೆ ಹುಡುಗರು ‘ಬಸ್ ಸಿಗಲಿಲ್ರಿ’ ಅನ್ನುವ ನೆವ ಕಳೆದುಕೊಂಡರು.

ಕೆಲಸ ಎಷ್ಟು ಬದಲಾಯಿತೆಂದು ತಿಳಿಯಲು ಜಿಎಸ್‌ಟಿ ನೋಡಿದರೆ ಸಾಕು. 2017ರ ಜುಲೈ 1, ಶನಿವಾರ. ಹಿಂದಿನ ದಿನದವರೆಗೆ ವ್ಯಾಟ್ ಐದೂವರೆ, ಹದಿನಾಲ್ಕೂವರೆ ಶೇಕಡಾ ಹಚ್ಚುತ್ತಿದ್ದ ಬಿಲ್ಲಿಗೆ ರಾತ್ರೋರಾತ್ರಿ 5, 12, 18, 28. ಪೆನ್‌ಡ್ರೈವ್ ಹಿಡಿದು ಹುಬ್ಬಳ್ಳಿಯ ಜವಳಿ ಸಾಲಿನಿಂದ ದುರ್ಗದಬೈಲಿನವರೆಗೆ ಅಂಗಡಿ ಅಂಗಡಿ ತಿರುಗಿದೆವು. ಒಬ್ಬ ಸಾಹುಕಾರರು ‘ಈ ರೇಟು ಇನ್ನು ಬದಲ ಆಗೂದಿಲ್ಲಲ್ಲಾ?’ ಎಂದು ಕೇಳಿ, ನಾನು ನಕ್ಕದ್ದಕ್ಕೆ ಸಿಟ್ಟಾದರು. 2025ರ ಸೆಪ್ಟೆಂಬರ್ 22ರಂದು 12, 28 ಎರಡೂ ಹೋಗಿ ಬಹುತೇಕ ಎಲ್ಲ 5 ಮತ್ತು 18ಕ್ಕೆ ಬಂದಾಗ ನಮ್ಮ ಹುಡುಗರು ಕುರ್ಚಿ ಬಿಟ್ಟು ಏಳಲಿಲ್ಲ. ಸರ್ವರಿನಲ್ಲಿ ಬದಲಿಸಿದರು, ಅಷ್ಟೂ ಅಂಗಡಿಗಳಲ್ಲಿ ಬದಲಾಯಿತು. ಒಳ್ಳೆಯದೇ. ಆದರೆ ಒಂದು ಸಾಲು ತಪ್ಪಿದರೆ ಅಷ್ಟೂ ಅಂಗಡಿಗಳಲ್ಲಿ ಒಟ್ಟಿಗೇ ತಪ್ಪುತ್ತದೆ, ಅದರ ಅಂಜಿಕೆ ಹಿಂದೆ ಇರಲಿಲ್ಲ.

2024ರ ಜುಲೈ 19ರಂದು ಜಗತ್ತಿಗೇ ಆದದ್ದು ಅದು. ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ಹೊದ್ದು ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಪೆನ್ನಿನಿಂದ ಬರೆದುಕೊಟ್ಟರು. ನಮ್ಮ ಗಿರಾಕಿಗಳಲ್ಲಿ ಒಬ್ಬರ ಬಳಿಯೂ ಆ ಸಾಫ್ಟ್‌ವೇರ್ ಇರಲಿಲ್ಲ, ಆದರೂ ಸಂಜೆಯತನಕ ಫೋನು: ‘ನಮ್ದೂ ನೀಲಿ ಆಗತೈತೇನ್ರಿ?’

ಈಗ ದೂರುಗಳು ವಾಟ್ಸಾಪಿನಲ್ಲಿ ಬರುತ್ತವೆ. ಪರದೆಯ ಫೋಟೋ, ಅದರಲ್ಲಿ ಬೇಕಾದ ಸಾಲಿನ ಮೇಲೆ ಸರಿಯಾಗಿ ಹೆಬ್ಬೆರಳು. ಅರ್ಧದಷ್ಟು ದೂರು ಪಾಸ್‌ವರ್ಡು, ಓಟಿಪಿಗಳದ್ದು. ಲೆಕ್ಕ ಬರೆಯುವವನು ಇಲ್ಲಿ ಕಾಯುತ್ತಿರುತ್ತಾನೆ, ಓಟಿಪಿ ಮಾಲಕರ ಫೋನಿಗೆ ಹೋಗಿರುತ್ತದೆ, ಮಾಲಕರು ಗದಗಿನಲ್ಲಿ ಯಾರದೋ ಮದುವೆಯಲ್ಲಿ ಊಟಕ್ಕೆ ಕೂತಿರುತ್ತಾರೆ. ಇದನ್ನು ಯಾವ ರಬ್ಬರಿನಿಂದ ತಿಕ್ಕುವುದು?

ಹೊಸ ಹುಡುಗರು ಕೋಡನ್ನು ಎಐಗೆ ಕೇಳಿ ನಿಮಿಷದಲ್ಲಿ ತರುತ್ತಾರೆ. ನನಗೆ ತಕರಾರಿಲ್ಲ, ನಾವೂ ಪುಸ್ತಕ ನೋಡಿಯೇ ಬರೆದವರು. ತಕರಾರು ಇರುವುದು ಕೇಳುವ ವಿಷಯದಲ್ಲಿ. ಮಷೀನಿಗೆ ಅಷ್ಟು ಪ್ರಶ್ನೆ ಕೇಳುವವರು ಗಿರಾಕಿಗೆ ಒಂದು ಫೋನು ಮಾಡಲು ಹಿಂದೆ ಮುಂದೆ ನೋಡುತ್ತಾರೆ.

ಹಾಗಾಗಿ ಸಂದರ್ಶನಕ್ಕೆ ಬಂದವರಿಗೆ ನಾನು ಕೋಡ್ ಬರೆಸುವುದಿಲ್ಲ. ‘ಒಂದು ಹಾಲಿನ ಸಂಘ ಐತಿ, ಅಲ್ಲಿ ನಮ್ಮ ಪ್ರೋಗ್ರಾಮ್ ನಡಕ ನಿಂದ್ರತೈತಿ, ಏನ್ ಮಾಡ್ತೀರಿ?’ ಎಂದು ಕೇಳುತ್ತೇನೆ. ಬಹಳ ಮಂದಿ ಸೀದಾ ಲ್ಯಾಪ್‌ಟಾಪ್ ತೆಗೆಯುತ್ತಾರೆ. ಕುಂದಗೋಳದ ಹುಡುಗಿಯೊಬ್ಬಳು ಮಾತ್ರ ಕೈಕಟ್ಟಿ ಕೂತು ‘ಮುಂಜಾನೆ ನಿಂದ್ರತೈತೋ ಸಂಜಿಕೋ ರೀ?’ ಅಂದಳು. ಅಲ್ಲೇ ಆರ್ಡರ್ ಕೊಟ್ಟೆ. ಹೇಳಿದ್ದು ಒಮ್ಮೆಗೇ ತಿಳಿಯುತ್ತಿತ್ತು, ಗಿರಾಕಿಗಳು ಅವಳ ಹೆಸರು ಹಿಡಿದೇ ಫೋನ್ ಮಾಡುತ್ತಿದ್ದರು. ಹೋದ ವಾರ ಬಾಗಿಲಲ್ಲಿ ಬಂದು ನಿಂತಳು. ನೋಟೀಸ್ ಪೀರಿಯಡ್ ಎರಡು ತಿಂಗಳು ಅಂತ ನಾನು, ಒಂದೇ ತಿಂಗಳು ಮಾಡ್ರಿ ಸರ್ರ ಅಂತ ಅವಳು. ಮಾತು ಇನ್ನೂ ನಡೆದಿದೆ.